ಪಾಪದಲ್ಲಿ ಅರ್ಧ ಪಾಲು

ದಾವಣಗೆರೆಯ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರಿಗೆ ಊಟ ಹಂಚುವ ಸಣ್ಣ ಟ್ರಸ್ಟ್ ನಿರ್ಮಲಮ್ಮನದು. ಚೌಕಾಸಿಯಲ್ಲಿ ಅವರ ಮುಂದೆ ನಮ್ಮಂಥ ವ್ಯಾಪಾರಿಗಳೂ ಸೋಲುತ್ತೇವೆ.

ಮೊನ್ನೆ ಶ್ರಾವಣ ಸೋಮವಾರ, ರಕ್ತ ಸಿಗದೆ ನಂದಿಗುಡಿಯ ಪುಟ್ಟ ಹುಡುಗಿಯೊಬ್ಬಳ ಆಪರೇಷನ್ ನಿಂತುಹೋಗಿತ್ತು. ಅವಳದು ಅಪರೂಪದ ಗುಂಪು. ನಿರ್ಮಲಮ್ಮ ಊರೆಲ್ಲ ಫೋನ್ ಮಾಡಿ, ಕೊನೆಗೆ ಹರಿಹರದ ಜವಳಿ ವ್ಯಾಪಾರಿ ಬಕ್ಕೇಶನನ್ನು ಕರೆಸಿದರು. ಗುಂಪು ಹೊಂದಿತು. ಆದರೆ ಆಸಾಮಿ ಉಪವಾಸ! ಖಾಲಿ ಹೊಟ್ಟೆಯವನ ರಕ್ತ ತೆಗೆಯುವುದಿಲ್ಲವೆಂದು ನರ್ಸ್ ಕಡ್ಡಿ ಮುರಿದಂತೆ ಹೇಳಿದಳು.

“ಅನ್ನ ಮುಟ್ಟಿದ್ರೆ ವ್ರತ ಕೆಡ್ತೈತೆ ಅಕ್ಕಾರೆ. ಸಂಜೆ ಪೂಜೆ ಮುಗಿಸಿ, ಉಂಡು ಬರ್ತೀನ್ರಿ.”

“ಅಲ್ಲಿತನಕ ಕೂಸು ತಡೀಬೇಕಲ್ಲಪ್ಪಾ?”

ಬಾಗಿಲಲ್ಲಿ ನಿಂತ ಹುಡುಗಿಯ ತಾಯಿ ಇಬ್ಬರ ಬಾಯನ್ನೇ ನೋಡುತ್ತಿದ್ದಳು.

ನಿರ್ಮಲಮ್ಮ ಊಟದ ಡಬ್ಬಿ ಬಿಚ್ಚಿ ಎರಡು ತಟ್ಟೆಗೆ ಮೊಸರನ್ನ ಹಾಕಿದರು. ಮದುವೆಯಾದಂದಿನಿಂದ ಶ್ರಾವಣ ಸೋಮವಾರದ ಉಪವಾಸ ತಪ್ಪಿಸದ ಹೆಂಗಸು, ಮೊದಲ ತುತ್ತು ತಾವೇ ಬಾಯಿಗಿಟ್ಟರು.

“ನಂದೂ ಕೆಡ್ತು ನೋಡು. ಪಾಪದಾಗ ಅರ್ಧ ಪಾಲು ನಂದು. ಉಣ್ಣು.”

ಪಾಲುದಾರರು ಸಿಕ್ಕ ಮೇಲೆ ಯಾವ ವ್ಯಾಪಾರಿ ಹಿಂದೆ ಸರಿದಾನು? ಬಕ್ಕೇಶ ಗಬಗಬನೆ ಉಂಡು ತೋಳು ಚಾಚಿದ.

“ಪುಣ್ಯ ಬಂದ್ರೆ ಅದ್ರಾಗೂ ಅರ್ಧ ಕೇಳ್ತೀರೇನ್ರಿ?”

“ಮೊದ್ಲು ಕೂಸು ಕಣ್ಣು ಬಿಡ್ಲಿ.”

ಆಪರೇಷನ್ ಮುಗಿದು ಇಳಿಹೊತ್ತಿಗೆ ಕೂಸು ಕಣ್ಣು ಬಿಟ್ಟಿತು. ಡಬ್ಬಿಯಲ್ಲಿ ಉಳಿದಿದ್ದ ಮೊಸರನ್ನವನ್ನು ನಿರ್ಮಲಮ್ಮ ಆ ತಾಯಿಯ ಕೈಗಿಟ್ಟರು. ಬೆಳಗಿನಿಂದ ಅವಳೂ ಏನೂ ಉಂಡಿರಲಿಲ್ಲ.