ಉಚ್ಚಂಗೆಮ್ಮನ ಎಡಗಿವಿ

ಎಡಗಿವಿ ಕೇಳುವುದು ನಿಂತು ಎರಡು ವರ್ಷವಾಗಿದ್ದರೂ ಉಚ್ಚಂಗೆಮ್ಮ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಗಂಡ ಪಂಪೇಶನಿಗೂ ಗೊತ್ತಿರಲಿಲ್ಲ. ಅವನ ಜೊತೆ ನಡೆಯುವಾಗ ಅವನು ತನ್ನ ಬಲಕ್ಕೇ ಬರುವಂತೆ ನೋಡಿಕೊಳ್ಳುತ್ತಿದ್ದಳು. ಕಂಪ್ಲಿಯ ಹಾಸ್ಟೆಲ್ ಶಾಲೆಯಲ್ಲಿ ಹಾಡು ಕಲಿಯುವ ಮಕ್ಕಳನ್ನೂ ಬಲಗಡೆಗೇ ಕೂರಿಸಿಕೊಳ್ಳುತ್ತಿದ್ದಳು. ಸಂಗೀತದ ಟೀಚರಿಗೇ ಕಿವಿ ಮಂದ ಎಂದು ಗೊತ್ತಾದರೆ ಕೆಲಸದಲ್ಲಿ ಇಟ್ಟುಕೊಳ್ಳುವವರು ಯಾರು?

ಪಾಪಿನಾಯಕನಹಳ್ಳಿಯ ಅವಳ ಅಪ್ಪ ಉಜ್ಜಿನಪ್ಪ ಬಯಲಾಟಕ್ಕೆ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವನು. ವಿದ್ಯೆಯನ್ನು ಮಗಳಿಗೆ ಕೊಟ್ಟನೇ ಹೊರತು ರಂಗದ ಮುಂದೆ ಕೂರಲು ಬಿಡಲಿಲ್ಲ. ಅವಳು ಸಂಡೂರಿನ ದಾರಿಯಲ್ಲಿದ್ದ ಅದಿರು ಜರಡಿ ಹಿಡಿಯುವ ಪ್ಲಾಂಟಿನಲ್ಲಿ ಒಂಬತ್ತು ವರ್ಷ ದುಡಿದಳು. ದಿನವಿಡೀ ಗುಡುಗುವ ಜರಡಿಯ ಯಂತ್ರ ಇದ್ದದ್ದು ಅವಳ ಎಡಕ್ಕೆ. ಆಮೇಲೆ ಶಾಲೆಯ ಕೆಲಸ ಸಿಕ್ಕಿತು. ಎಮ್ಮಿಗನೂರಿನಲ್ಲಿ ಭತ್ತದ ನಾಟಿ ಮಾಡುವ ಹೆಂಗಸರ ಗೆಳೆತನವಾಯಿತು. ಅವರು ಕೆಸರಿನಲ್ಲಿ ನಿಂತು ಕಟ್ಟುತ್ತಿದ್ದ ಮಾತುಗಳಿಗೆ ಇವಳು ರಾಗ ಹಾಕಿದಳು. ಅವಳಿಗೆ ನಲವತ್ತಮೂರು ವರ್ಷವಾಗುವ ಹೊತ್ತಿಗೆ ಅಂಥ ಹಾಡು ಇಪ್ಪತ್ತೆರಡಾಗಿದ್ದವು.

ಆ ಹಾಡುಗಳನ್ನು ಹುಡುಕಿಕೊಂಡು ಬಂದವಳು ಸಂಘಮಿತ್ರಾ, ಹೊಸಪೇಟೆಯ ಬೌದ್ಧರ ಮನೆಯ ಹುಡುಗಿ. ನಾಟಿ ಹಾಡುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಒಂದು ದಿನ ಲ್ಯಾಪ್‌ಟಾಪ್ ತೆರೆದು ಕೆರೆಯ ದಂಡೆಯ ಮೇಲಿನ ಮರದ ಮನೆಯೊಂದನ್ನು ತೋರಿಸಿದಳು.

"ಅಕ್ಕಾ, ಇದು ಫಿನ್ಲೆಂಡ್ ಅಂತ. ಬರಿಯೋರನ್ನ, ಓದೋರನ್ನ, ರಾಗ ಕಟ್ಟೋರನ್ನ ಎರಡು ತಿಂಗಳು ಕರ್ಸಿ ಇಟ್ಕಂತಾರ. ಊಟ, ರೂಮು, ಎಲ್ಲಾ ಅವರದ. ನಿನ್ನ ಕೆಲ್ಸ ನೀನು ಮಾಡ್ಕಂಡು ಇರಬೇಕು ಅಷ್ಟ. ಅರ್ಜಿ ಹಾಕೋಣು."

"ನನ್ನಂಥಾಕಿನ್ನ ಕರಿತಾರೇನು?"

"ಕೇಳಿದ್ರಲ್ಲ ಗೊತ್ತಾಗೋದು?"

ಇಬ್ಬರೂ ಕೂತು ಅರ್ಜಿ ತುಂಬಿದರು. ಎಮ್ಮಿಗನೂರಿನ ನಾಟಿ ಹೆಂಗಸು ಭೀಮಮ್ಮ ಮತ್ತವಳ ಗುಂಪು ಉಚ್ಚಂಗೆಮ್ಮನ ಹಾರ್ಮೋನಿಯಮ್ಮಿಗೆ ಹಾಡಿದ ಮೂರು ಹಾಡುಗಳನ್ನು ಧ್ವನಿಮುದ್ರಿಸಿ ಸೇರಿಸಿದರು. ಕೊನೆಯ ಪುಟದಲ್ಲಿ ಸಂಘಮಿತ್ರಾ ತಡೆದಳು. "ಮೈಗೆ ಏನಾರ ತೊಂದ್ರಿ ಐತೇನು ಅಂತ ಕೇಳ್ಯಾರಕ್ಕಾ."

ಉಚ್ಚಂಗೆಮ್ಮ ಎಡಗಿವಿಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಏನಿಲ್ಲ ಅಂತ ಬರಿಯವ್ವ," ಎಂದಳು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಬರೆಸಿದ್ದು ಸುಳ್ಳು, ಅದೂ ಸಹಿ ಹಾಕಿ. ಆಯ್ಕೆಯಾಗದಿದ್ದರೆ ಸಾಕು ಎಂದು ಬೇಡಿಕೊಳ್ಳುವಳು. ಮರುಗಳಿಗೆಯೇ, ಆ ಕೆರೆಯ ದಂಡೆಯ ಮನೆ ತಪ್ಪಿಹೋದೀತಲ್ಲ ಎಂದು ಹಳಹಳಿಸುವಳು. ಎರಡು ತಿಂಗಳ ಮೇಲೆ ಸಂಘಮಿತ್ರಾ ಫೋನು ಮಾಡಿದಳು. ಮೊದಲ ಸುತ್ತಿನಲ್ಲಿ ಹೆಸರು ಬಂದಿದೆ, ಸೋಮವಾರ ಮಧ್ಯಾಹ್ನ ವಿಡಿಯೋದಲ್ಲಿ ಸಂದರ್ಶನ.

ಹೊಸಪೇಟೆಯ ಸಂಘಮಿತ್ರಾಳ ಮನೆಯಲ್ಲಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಸಂಘಮಿತ್ರಾ ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ಇನ್ನೊಂದನ್ನು ತಾನೇ ಅಕ್ಕನ ಕಿವಿಗಿಟ್ಟಳು. ಎಡಗಿವಿಗೆ.

ಪರದೆಯ ಮೇಲೆ ಮೂವರು ತುಟಿ ಆಡಿಸುತ್ತಿದ್ದರು. ಉಚ್ಚಂಗೆಮ್ಮನಿಗೆ ಒಂದು ಚೂರೂ ಕೇಳಿಸಲಿಲ್ಲ. ಸಂಘಮಿತ್ರಾ ಕನ್ನಡದಲ್ಲಿ ಹೇಳಿದ್ದಕ್ಕೆ ಉತ್ತರ ಕೊಡುತ್ತ ಹೋದಳು. ನಡುವೆ ಬಿಳಿಗೂದಲಿನ ಹೆಂಗಸೊಬ್ಬಳು ತಲೆದೂಗುತ್ತ ಏನನ್ನೋ ಕೇಳಿದಳು.

"ಅಕ್ಕಾ, ಈಗ ಹಾಕಿದ್ರಲ್ಲ ನಮ್ಮ ಹಾಡು," ಎಂದಳು ಸಂಘಮಿತ್ರಾ. "ಅದ್ರಾಗ ಮ್ಯಾಲೊಂದು ಸಣ್ಣ ಸ್ವರ ಬಿಡದಂಗ ಕೂಗ್ತೈತಲ್ಲ, ಅದು ಅವ್ರಿಗೆ ಭಾಳ ಹಿಡಿಸೇತಂತ. ಯಾಕ ಇಟ್ರಿ ಅಂತ ಕೇಳ್ತಾರ."

ಹಾಡು ಹಾಕಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. "ಯಾವ ಸ್ವರ?" ಎಂದು ಇಯರ್‌ಫೋನನ್ನು ಬಲಗಿವಿಗೆ ಇಟ್ಟುಕೊಂಡಳು. ಹಾಡು ಮತ್ತೆ ಶುರುವಾಯಿತು. ಭೀಮಮ್ಮನ ಗಂಟಲು ಕೇಳಿತು, ಹಾರ್ಮೋನಿಯಂ ಪೆಟ್ಟಿಗೆಯ ಕೆಳಗಿನ ಸ್ವರಗಳು ಕೇಳಿದವು. ಮೇಲೆ ಏನೂ ಇರಲಿಲ್ಲ. ಸಂಘಮಿತ್ರಾ ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಗುನುಗಿ ತೋರಿಸಿದಾಗ ಅರ್ಥವಾಯಿತು. ಹಾರ್ಮೋನಿಯಮ್ಮಿನ ಕೊನೆಯ ಮನೆ, ಬಲತುದಿಯ ಕೀ! ಅದಿರಿನ ಕೆಂಪು ಧೂಳು ಸಿಕ್ಕಿ ಅದು ಒತ್ತಿದ್ದು ಮೇಲೇಳದೆ ಕೂತುಬಿಟ್ಟಿದೆ. ಹಾಡಿನ ಉದ್ದಕ್ಕೂ ಕಿರುಗುಟ್ಟಿದೆ. ಧ್ವನಿಮುದ್ರಿಸಿದ ದಿನ ಅಲ್ಲಿದ್ದವರಿಗೆಲ್ಲ ಕೇಳಿಸಿದೆ. ಟೀಚರ್ ಬೇಕೆಂದೇ ಇಟ್ಟಿದ್ದಾರೆ ಎಂದು ಸುಮ್ಮನಿದ್ದಾರೆ. ಬಲಗಿವಿಯೂ ಹೋಗುತ್ತಿದೆ ಎಂದು ಆಗಲೇ ಅವಳಿಗೆ ತಿಳಿದದ್ದು.

ಹೌದು, ಬೇಕೆಂದೇ ಇಟ್ಟೆ ಎಂದರೆ ಮುಗಿಯುತ್ತಿತ್ತು. ಆದರೆ ಈ ಜನರ ನಡುವೆ ಎರಡು ತಿಂಗಳು ಈ ಸುಳ್ಳನ್ನು ಕಾಯುತ್ತ ಕೂರುವುದನ್ನು ನೆನೆದು ಅವಳಿಗೆ ಇನ್ನೂ ಹೆಚ್ಚು ಭಯವಾಯಿತು.

"ಅದು ನಾ ಇಟ್ಟಿದ್ದಲ್ಲ. ಮನಿ ಕೂತೈತಿ, ನನಗ ಕೇಳ್ಸಿಲ್ಲ. ನನ್ನ ಎಡಗಿವಿ ಹೋಗೇತಿ. ಅರ್ಜಿಯಾಗ ಸುಳ್ಳು ಬರ್ಸೀನಿ ಅಂತ ಹೇಳು."

ಸಂಘಮಿತ್ರಾ ಅವಳ ಕಡೆ ತಿರುಗಿದಳು. "ಅಕ್ಕಾ... ಹೇಳ್ಲೇನು?"

"ಹೇಳು."

ಹೇಳಿದಳು. ಆಮೇಲೆ ಬಿಳಿಗೂದಲಿನವಳು, ಹಾಗಾದರೆ ರಾಗ ಹೇಗೆ ಕಟ್ಟುತ್ತೀರಿ ಎಂದು ಕೇಳಿದಳು.

"ರಾಗ ತಲ್ಯಾಗ ಬರ್ತೈತ್ರಿ. ಕಿವಿ ಬೇಕಾಗೋದು ಬ್ಯಾರೇರು ಹಾಡಿದಾಗ," ಎಂದಳು ಉಚ್ಚಂಗೆಮ್ಮ.

ಅಂದು ಸಂಜೆ ಪಂಪೇಶನಿಗೂ ಹೇಳಿದಳು. "ಗುರ್ತಿಲ್ಲದೋರಿಗೆ ಹೇಳ್ದಿ. ನನಗ ಹೇಳ್ಲಿಲ್ಲ," ಎಂದು ಎದ್ದುಹೋದ.

ಐದು ವಾರದ ಮೇಲೆ ಪತ್ರ ಬಂತು. ಮುಂದಿನ ಮೇ ತಿಂಗಳಿಗೆ ಆಯ್ಕೆ ಮಾಡಿದ್ದೇವೆ, ಅರ್ಜಿಯ ಆ ಉತ್ತರವನ್ನು ತಿದ್ದಿ ಕಳಿಸಿ, ಕಿವಿ ಪರೀಕ್ಷೆಯ ವರದಿಯೂ ಇರಲಿ, ಕೋಣೆಯಲ್ಲಿ ಏನೇನು ಅನುಕೂಲ ಬೇಕೆಂದು ನಮಗೆ ತಿಳಿಯಬೇಕು ಎಂದಿತ್ತು. ಸಂಘಮಿತ್ರಾ ಕುಣಿದಾಡಿದಳು. ಉಚ್ಚಂಗೆಮ್ಮನಿಗೆ ಕಂಡದ್ದು ವರದಿ ಎಂಬ ಒಂದೇ ಮಾತು.

ಆಸ್ಪತ್ರೆಗೆ ಪಂಪೇಶನೇ ಕರೆದುಕೊಂಡು ಹೋದ. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಒತ್ತಬೇಕೆಂದು ಕೈಗೆ ಗುಂಡಿ ಕೊಟ್ಟರು. ಅವಳು ಒತ್ತುತ್ತಲೇ ಹೋದಳು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆರೆದು ಮೆಲ್ಲಗೆ ಹೇಳಿದಳು, "ಅಮ್ಮಾ, ನಾನು ಇನ್ನೂ ಸದ್ದೇ ಬಿಟ್ಟಿಲ್ರಿ. ಅಂಜಬ್ಯಾಡ್ರಿ. ಕೇಳಿದ್ರ ಮಾತ್ರ ಒತ್ರಿ."

ಎರಡನೇ ಸಲ ಕಣ್ಣು ಮುಚ್ಚಿ ಕೂತಳು. ಬಹಳ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ.

ಹೋದದ್ದು ಹೋಯಿತು, ತಿರುಗಿ ಬಾರದು ಎಂದರು ಡಾಕ್ಟರು. ಬಲಗಿವಿ ನಿಧಾನಕ್ಕೆ ಇಳಿಯುತ್ತಿದೆ; ಕಿವಿಗೆ ಮಷೀನು ಹಾಕಿಕೊಂಡರೆ ಮಾತು ಕೇಳುತ್ತದೆ, ಹಾಡು ಎಷ್ಟು ದಿನ ಎಂದು ಹೇಳಲಾಗದು. ವರದಿ ಕಳಿಸಿದ ಮರುದಿನವೇ ಫಿನ್ಲೆಂಡಿನಿಂದ ಬನ್ನಿ ಎಂದು ಉತ್ತರ ಬಂತು.

ಶಾಲೆಯಲ್ಲಿ ಅವಳು ಇನ್ನೂ ಹೇಳಿಲ್ಲ. ದಿನಾ ಹೇಳಬೇಕೆಂದು ಹೋಗಿ ಹೇಳದೆ ಬರುತ್ತಾಳೆ. ಭಾನುವಾರಗಳಲ್ಲಿ ಎಮ್ಮಿಗನೂರಿಗೆ ಹೋಗಿ ಭೀಮಮ್ಮನಿಂದ ಒಂದೊಂದೇ ಹಾಡು ಹಾಡಿಸುತ್ತಾಳೆ. ಇಷ್ಟು ವರ್ಷ ಕಾಗದಕ್ಕೆ ಇಳಿಸದ ಸ್ವರಗಳನ್ನು ಈಗ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಇಪ್ಪತ್ತೆರಡರಲ್ಲಿ ಒಂಬತ್ತು ಆಗಿವೆ. "ಇಷ್ಟ್ಯಾಕ ಅವಸರ ಟೀಚರ್, ಮೇ ಇನ್ನೂ ದೂರ ಐತಲ್ಲ," ಎಂದು ಭೀಮಮ್ಮ ಕೇಳಿದರೆ, "ಮುಂದಿನ ಸಾಲು ಹಾಡವ್ವ," ಎನ್ನುತ್ತಾಳೆ.