ಖಾಲಿ ಬೀಚಿನ ಲೊಕೇಶನ್

ಡೆವನ್ ಅವೆನ್ಯೂನಲ್ಲಿರುವ ಮುನೀರ್‌ನ ಸೂಟ್‌ಕೇಸ್ ಅಂಗಡಿಗೆ ಹೋದವರು ಚಹಾ ಕುಡಿಯದೆ ಹೊರಗೆ ಬಂದದ್ದಿಲ್ಲ. ಊರಿಗೆ ಹೊರಟವರ ಪೆಟ್ಟಿಗೆಯನ್ನು ತಾನೇ ತೂಗಿ, ತೂಕ ಮೀರಿದ್ದರೆ ಏನು ತೆಗೆಯಬೇಕೆಂದು ತಾನೇ ಹೇಳಿ, ಮೊಣಕಾಲೂರಿ ಜಿಪ್ ಎಳೆದುಕೊಡುವ ಮನುಷ್ಯ ಅವನು. ತುಮಕೂರಿನ ತುಂಬಿದ ಮನೆಯಲ್ಲಿ ಬೆಳೆದವನು. ಒಬ್ಬನೇ ಕೂತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಭಾನುವಾರ ಬಂತೆಂದರೆ ಹಾಫ್‌ಮನ್ ಎಸ್ಟೇಟ್ಸ್‌ನ ಅವನ ಮನೆಯ ಡ್ರೈವ್‌ವೇ ತುಂಬ ಕಾರುಗಳು. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಒಳ್ಳೆಯವರ ಜತೆ ಸಂಸಾರ ಮಾಡುವುದು ಹೇಗಿರುತ್ತದೆ ಎಂದು ಅವರ ಹೆಂಡತಿಯರನ್ನು ಕೇಳಬೇಕು. ಮುನೀರ್ ಕೇಳಲಿಲ್ಲ.

ಹೆಂಡತಿ ಖಲೀದಾ ಹೊನ್ನಾವರದ ಕಡೆಯವಳು. ಅವಳ ಮನೆಮಾತು ಅವನಿಗೆ ಬಾರದು, ಅವನ ಉರ್ದು ಅವಳಿಗೆ ಒಗ್ಗದು. ಹಾಗಾಗಿ ಮದುವೆಯಾದಾಗಿನಿಂದ ಜಗಳ, ರಾಜಿ ಎಲ್ಲ ಕನ್ನಡದಲ್ಲೇ. ತವರುಮನೆಯ ಹಿತ್ತಿಲು ದಾಟಿದರೆ ಸಮುದ್ರ. ಅಣ್ಣತಮ್ಮಂದಿರು ಶಾಲೆಯಿಂದ ಬಂದವರೇ ನೀರಿಗೆ ಹಾರುತ್ತಿದ್ದರು, ಅವಳು ಅವರ ಚಪ್ಪಲಿ ಕಾಯುತ್ತ ಮರಳಿನ ಮೇಲೆ ನಿಲ್ಲುತ್ತಿದ್ದಳು. ಬಲೆ ಎಳೆಯುವವರು, ದಾರಿಹೋಕರು, ಗುರುತಿನವರು ಎಲ್ಲ ಓಡಾಡುವ ಜಾಗ. ಹುಡುಗಿ ನೀರಿಗಿಳಿಯುವ ಮಾತೇ ಇರಲಿಲ್ಲ. ಅಲೆಯ ಸದ್ದು ಕೇಳುತ್ತ ನಿದ್ದೆಹೋಗಿ ಬೆಳೆದವಳಿಗೆ ಸಮುದ್ರ ಪಾದಕ್ಕಿಂತ ಮೇಲೆ ತಾಗಿರಲಿಲ್ಲ. ಈ ದೇಶಕ್ಕೆ ಬಂದ ಮೇಲೂ ಅದೇ ಕತೆ. ಬೇಸಿಗೆಯಲ್ಲಿ ಲೇಕ್ ಮಿಷಿಗನ್‌ಗೆ ಹೋದರೆ ದಡದ ತುಂಬ ಜನ. ಇವಳು ಚಾಪೆಯ ಮೇಲೆ ಕೂತು ಕಬಾಬಿನ ಡಬ್ಬಿ ಕಾಯುತ್ತಿದ್ದಳು.

ಮದುವೆಗೆ ಇಪ್ಪತ್ತೈದು ವರ್ಷ ತುಂಬುವಾಗ ಏನು ಬೇಕು ಎಂದು ಮುನೀರ್ ಕೇಳಿದ. ಬಳೆ ಅಂದಾಳು ಎಂದುಕೊಂಡಿದ್ದ.

"ನಂಗೊಂದು ಖಾಲಿ ಬೀಚ್ ತೋರ್ಸಿ," ಎಂದಳು ಖಲೀದಾ. "ಯಾರೂ ಇರಬಾರ್ದು. ನಾನು, ನೀವು, ಅಷ್ಟೇ."

ಅವನಿಗೆ ಖುಷಿಯೋ ಖುಷಿ. ಗಿರಾಕಿಯೊಬ್ಬರು ಗ್ರೀಸ್‌ನ ಕ್ರೀಟ್ ದ್ವೀಪದ ಬಗ್ಗೆ ಹೇಳಿದ್ದರು. ಅಲ್ಲಿ ರಸ್ತೆ ಮುಗಿದ ಮೇಲೂ ಕಾಲುದಾರಿಯಲ್ಲಿ ಇಳಿದು ಹೋಗುವಂಥ ಬೀಚುಗಳಿವೆಯಂತೆ. ಟಿಕೆಟ್ ನೋಡತೊಡಗಿದ. ಆದರೆ ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಅವನಿಗೆಲ್ಲಿಂದ ಬರಬೇಕು? ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿರುವ ತಮ್ಮ ಝೈನ್‌ಗೆ ಫೋನ್ ಹೋಯಿತು. ಝೈನ್ ಹೆಂಡತಿ ಮಕ್ಕಳೊಂದಿಗೆ ತಾನೂ ಬರುತ್ತೇನೆಂದ. ಇನ್ನು ಪಕ್ಕದ ಮನೆಯ ಕೃಷ್ಣಮೂರ್ತಿ ದಂಪತಿಗೆ ಹೇಳದಿದ್ದರೆ ಬೇಜಾರಾದೀತು. ವಿಲ್ಲಾ ಹೇಗೂ ದೊಡ್ಡದು. ವಾಟ್ಸಾಪ್‌ನಲ್ಲಿ ಒಂದು ಗ್ರೂಪ್ ಹುಟ್ಟಿಕೊಂಡಿತು. ಖಲೀದಾ ಅದನ್ನು ನೋಡಿ, ಅಕ್ಕಿ ಎಷ್ಟು ಕಟ್ಟಲಿ ಎಂದಷ್ಟೇ ಕೇಳಿದಳು. ಬೀಚಿಗೆ ಮಾತ್ರ ನಾವಿಬ್ಬರೇ ಹೋಗೋಣ ಎಂದು ಅವನು ಮಾತು ಕೊಟ್ಟ.

ಕೊಟ್ಟ ಮಾತನ್ನು ಅರ್ಧದವರೆಗೆ ನಡೆಸಿದ ಕೂಡ. ಉಳಿದವರು ಏಳುವ ಮೊದಲೇ ಇಬ್ಬರೂ ಬಾಡಿಗೆ ಕಾರಿನಲ್ಲಿ ಬೀಚು ಹುಡುಕುತ್ತ ಹೊರಡುತ್ತಿದ್ದರು. ಒಂದು ಕಡೆ ದಡದುದ್ದಕ್ಕೂ ಛತ್ರಿ, ಕುರ್ಚಿ. ಇನ್ನೊಂದು ಕಡೆ ಮೈಮೇಲೆ ನೂಲೆಳೆಯಿಲ್ಲದೆ ಬಿಸಿಲು ಕಾಯಿಸುತ್ತಿದ್ದ ಮುದುಕರು. ಇವರಿಬ್ಬರೂ ಬಂದ ದಾರಿ ಹಿಡಿದು, ಕಾರು ಹತ್ತಿದ ಮೇಲೆ ನಗು ತಡೆಯಲಾರದೆ ಒದ್ದಾಡಿದರು. ಕೊನೆಗೊಂದು ಬೆಳಿಗ್ಗೆ, ಆಡುಗಳು ಮೇಯುವ ಗುಡ್ಡವನ್ನು ಕೈಕೈ ಹಿಡಿದು ಇಳಿದರೆ ಕೆಳಗೆ ಪುಟ್ಟದೊಂದು ಕೊಲ್ಲಿ. ಬಿಳಿ ನುಣುಪುಗಲ್ಲಿನ ದಡ, ತಳ ಕಾಣುವಷ್ಟು ತಿಳಿಯಾದ ನೀರು. ಒಂದು ನರಪಿಳ್ಳೆಯೂ ಇಲ್ಲ.

ಖಲೀದಾ ಚಪ್ಪಲಿ ಬಿಟ್ಟು, ಉದ್ದನೆಯ ಕುರ್ತಾದಲ್ಲೇ ನೀರಿಗಿಳಿದಳು. ಪಾದ ಮುಳುಗಿತು, ಮೀನಖಂಡ ಮುಳುಗಿತು. ಮೊಣಕಾಲವರೆಗೆ ಹೋಗಿ ನಿಂತು ಅವನ ಕಡೆ ತಿರುಗಿ ನಕ್ಕಳು. ಎಷ್ಟೋ ವರ್ಷದಿಂದ ಆ ನಗುವನ್ನು ಅವನು ನೋಡಿರಲಿಲ್ಲ. ಆಗ ಅವನು ಸುಮ್ಮನೆ ಕೂತಿರಬೇಕಿತ್ತು. ಪುಣ್ಯಾತ್ಮ, ಕೂರಲಿಲ್ಲ. ಇಂಥ ಚೆಂದವನ್ನು ತಾವಿಬ್ಬರೇ ನೋಡುವುದು ಅನ್ಯಾಯ ಅನ್ನಿಸಿತು ಅವನಿಗೆ. ಕೊಲ್ಲಿಯ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಜತೆಗೆ ಲೊಕೇಶನ್.

ಖಲೀದಾ ಅಲ್ಲೇ ಬಗ್ಗಿ ಬೊಗಸೆಯಲ್ಲಿ ನೀರೆತ್ತುತ್ತಿದ್ದಳು, ಕಲ್ಲು ಆರಿಸುತ್ತಿದ್ದಳು, ಇನ್ನೂ ಮುಂದೆ ಹೋಗಲೋ ಬೇಡವೋ ಎಂಬಂತೆ ನಿಲ್ಲುತ್ತಿದ್ದಳು. ಆತುರವೇನಿತ್ತು, ಇಡೀ ದಿನ ಅವಳದೇ. ಅಷ್ಟರಲ್ಲಿ ಗುಡ್ಡದ ಮೇಲಿಂದ ದನಿಗಳು ಕೇಳಿದವು. ಝೈನ್ ತಂಪು ಪಾನೀಯದ ಕೂಲರ್ ಹೊತ್ತು ಇಳಿಯುತ್ತಿದ್ದ, ಹಿಂದೆ ಅವನ ಹೆಂಡತಿ ಮಕ್ಕಳು, ಅವರ ಹಿಂದೆ ಛತ್ರಿ ಊರಿಕೊಂಡು ಕೃಷ್ಣಮೂರ್ತಿ ದಂಪತಿ. ಖಲೀದಾ ಮೇಲೆ ನೋಡಿದಳು, ಗಂಡನ ಕೈಯಲ್ಲಿದ್ದ ಫೋನ್ ನೋಡಿದಳು. ದಡಕ್ಕೆ ಬಂದು ಕುರ್ತಾದ ಅಂಚು ಹಿಂಡಿಕೊಂಡಳು. ಆಮೇಲೆ ಡಬ್ಬಿ ಬಿಚ್ಚಿ ಮೊದಲು ಮಕ್ಕಳಿಗೆ ಬಡಿಸಿದಳು. ಎಲ್ಲರೂ ಮುನೀರ್‌ನನ್ನು ಹೊಗಳಿದ್ದೇ ಹೊಗಳಿದ್ದು. ಅವತ್ತು ಅವನಿಗೆ ಎದೆ ತುಂಬಿ ಬಂದಿತ್ತು ಎಂದರೆ ನಂಬಬೇಕು.

ಇನ್ನೊಮ್ಮೆ ಹೋಗೋಣ ಎಂದು ಆಮೇಲೆ ಆಗಾಗ ಹೇಳುತ್ತಿದ್ದ, ಬಾಯಿಮಾತಿಗೆ. ಅಂಗಡಿ ಬಿಡಲಾಗಲಿಲ್ಲ. ಕಳೆದ ಚಳಿಗಾಲದಲ್ಲಿ ಖಲೀದಾಳ ಕಿವಿಗೆ ದೊಡ್ಡ ಆಪರೇಷನ್ ಆಯಿತು. ಕಿವಿಗೆ ಇನ್ನು ಯಾವತ್ತೂ ಹನಿ ನೀರೂ ತಾಗಬಾರದು, ಈಜಿನ ಮಾತಂತೂ ಬೇಡವೇ ಬೇಡ ಎಂದರು ಡಾಕ್ಟರು. ನಮ್ಮಲ್ಲಿ ಈಜುವವರಾದರೂ ಯಾರು ಎಂದು ಮುನೀರ್ ನಕ್ಕಿದ್ದ. ಖಲೀದಾ ನಕ್ಕಿರಲಿಲ್ಲ.

ಈ ಜೂನ್‌ನಲ್ಲಿ ಮಗಳು ಜುವೇರಿಯಾ ಮನೆಗೆ ಬಂದಿದ್ದಳು. ಲೇಕ್‌ಗೆ ಹೋಗಿ ಈಜಿ ಬಂದವಳು ಮನೆ ಹಿಂದಿನ ಮರದ ಡೆಕ್‌ನಲ್ಲಿ ಕಡುನೀಲಿ ಬಟ್ಟೆಯೊಂದನ್ನು ಒಣಹಾಕಿದ್ದಳು. ಕತ್ತಿನಿಂದ ಕಾಲಿನವರೆಗೆ ಮೈಮುಚ್ಚುವ ಈಜುಡುಗೆ. ಹೊಸದಾ ಎಂದು ಮುನೀರ್ ಕೇಳಿದ. ಅಲ್ಲ, ಅಮ್ಮಿಯದು ಎಂದಳು ಅವಳು ತನ್ನ ಇಂಗ್ಲಿಷಿನಲ್ಲಿ. ಇನ್ನು ತನಗೆ ಬೇಡವೆಂದು ಕೊಟ್ಟರು, ಹೆಚ್ಚುಕಡಿಮೆ ಹೊಸದೇ, ಗ್ರೀಸ್‌ನಲ್ಲಿ ಒಮ್ಮೆ ಕುರ್ತಾದ ಒಳಗೆ ಹಾಕಿಕೊಂಡಿದ್ದರಂತೆ, ಮೊಣಕಾಲವರೆಗಷ್ಟೇ ಒದ್ದೆಯಾಗಿತ್ತಂತೆ.

ಮುನೀರ್ ಆ ಬಟ್ಟೆಯನ್ನು ಇನ್ನೊಮ್ಮೆ ನೋಡಿದ. ಅಡುಗೆಮನೆಗೆ ಹೋಗಿ ನಿಂತ. ಖಲೀದಾ ಸೊಪ್ಪು ಬಿಡಿಸುತ್ತಿದ್ದಳು. ಬಲಗಿವಿಯಲ್ಲಿ ಹತ್ತಿಯಿತ್ತು, ಅವನು ಎರಡು ಸಲ ಕರೆಯಬೇಕಾಯಿತು.

"ಅವತ್ತು ಈಜಬೇಕು ಅಂತ ಬಂದಿದ್ದೆಯಾ?" ಎಂದ. "ನಂಗೆ ಹೇಳಬಾರದಿತ್ತಾ?"

"ಹೇಳಿದ್ನಲ್ಲ ರೀ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರೂ ಇರಬಾರ್ದು ಅಂದಿದ್ದೆ."

ಅವನು ತಪ್ಪಾಯಿತು ಎನ್ನಬೇಕೆಂದರೂ, ಆ ಮಾತಿನಿಂದ ಈಗ ಏನೂ ಆಗುವಂತಿರಲಿಲ್ಲ. ಖಲೀದಾ ಕಿಟಕಿಯಾಚೆ ಡೆಕ್ ಕಡೆ ಒಮ್ಮೆ ನೋಡಿ, ಬಿಸಿಲು ಜೋರಾಗಿದೆ, ಬಣ್ಣ ಹೋಗುತ್ತೆ, ಅದನ್ನು ಒಳಗೆ ತಂದುಬಿಡಿ ಎಂದಳು. ಅವನು ಹೋಗಿ ತಂದ. ಕಾಲಿನ ಕಡೆ ಇನ್ನೂ ಒದ್ದೆಯಿತ್ತು.