ಮಣ್ಣಿಗೆ ಹಾಕದ ಕತ್ತಾಳೆ ಮರಿ

ನನ್ನ ಗಂಡನ ಆಫೀಸಿನ ಗೆಳತಿಯೊಬ್ಬಳು ಮೆಕ್ಸಿಕೋದವಳು. ಅವಳಪ್ಪ ರಾಸಾಯನಿಕ ಸೋಕಿಸದೆ ಕತ್ತಾಳೆ ಬೆಳೆದು, ಅನಾನಸಿನಂಥ ಅದರ ಬುಡವನ್ನು ಕಲ್ಲಿನ ಒಲೆಯಲ್ಲಿ ಬೇಯಿಸಿ, ಅರೆದು, ಹುಳಿಸಿ, ಹಳೇ ಕ್ರಮದಲ್ಲೇ ಟಕೀಲಾ ಮದ್ಯ ಇಳಿಸುವವರು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಅವಳು ಅಮೆರಿಕದ ಸಮರ್‌ಸೆಟ್ ಊರಿನ ನಮ್ಮ ಮನೆಗೆ ಒಂದು ಬಾಟಲಿಯನ್ನೂ, ಪರ್ಮಿಟ್ ಮಾಡಿಸಿ ತಂದ ಕತ್ತಾಳೆ ಮರಿಯೊಂದನ್ನೂ ಕೊಟ್ಟು ಹೋದಳು. ಆ ಮರಿಯ ತಾಯಿಗಿಡವನ್ನು ಬೇಯಿಸಿ ಇಳಿಸಿದ್ದೇ ಬಾಟಲಿಯಲ್ಲಿತ್ತು.

ನಮ್ಮತ್ತೆ ಮರಿಯನ್ನು ಲೋಳೆಸರ ಅಂದುಕೊಂಡರು. ಅಮೆರಿಕಕ್ಕೆ ಬಂದು ಎಷ್ಟು ವರ್ಷವಾದರೂ ಅವರಿಗೆ ದೃಷ್ಟಿಯ ಭಯ ಹೋಗಿಲ್ಲ. ಹಿಂದಿನ ಸಲ ನನ್ನ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಯಾರ ಕಣ್ಣೂ ಬೀಳದಿರಲೆಂದು ಮುಂಬಾಗಿಲಿಗೆ ಅದನ್ನು ತಲೆಕೆಳಗಾಗಿ ಕಟ್ಟಿಬಿಟ್ಟರು. ಇಂಜಿನಿಯರಮ್ಮನಾದ ನಾನು ಮೂಗು ಮುರಿದೆ. ಬಿಚ್ಚಲು ಮಾತ್ರ ಧೈರ್ಯ ಬರಲಿಲ್ಲ.

ಅದು ಬಾಡಲಿಲ್ಲ. ಎಲೆಯ ತುದಿಗಳು ಮೆಲ್ಲಗೆ ಬಾಗಿ ಮೇಲಕ್ಕೆ ತಿರುಗಿದವು, ಬುಡದಲ್ಲಿ ಬಿಳಿ ಬೇರು ಇಣುಕಿತು. ಅತ್ತೆಗೆ ಸಂಭ್ರಮವೋ ಸಂಭ್ರಮ. ನನಗೋ, ಹೊಸ್ತಿಲು ದಾಟುವಾಗಲೆಲ್ಲ ಅದು ನನ್ನ ಹೊಟ್ಟೆಯನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಮನೆಗೆ ಬಂದ ಆ ಮೆಕ್ಸಿಕೋದ ಗೆಳತಿ ಬಾಗಿಲಲ್ಲೇ ನಿಂತುಬಿಟ್ಟಳು. ತಾಯಿಯಿಂದ ಬಿಡಿಸಿದ ಮರಿ ಕೆಲವು ವಾರ ಮಣ್ಣಿಲ್ಲದೆ ಇರುತ್ತದೆ, ಆಮೇಲೆ ತನ್ನನ್ನೇ ತಾನು ತಿನ್ನುತ್ತದೆ, ಬೇಗ ನೆಡಿ ಎಂದಳು ಇಂಗ್ಲಿಷಿನಲ್ಲಿ.

“ಏನಂತೋ?” ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

ಇಲ್ಲೇ ಹುಟ್ಟಿ ಬೆಳೆದ ನನ್ನ ಗಂಡ ತನಗೆ ಬಂದ ಕನ್ನಡದಲ್ಲಿ ಹೇಳಿದ: “ಅಮ್ಮಾ, ಮರೀನ ಬೇಗ ಮಣ್ಣು ಮಾಡ್ಬೇಕಂತೆ!”

ಹೆಣ ಹೂಳುವುದಕ್ಕೆ ನಾವಾಡುವ ಮಾತು ಅದು. ಅತ್ತೆ ಸೌಟು ಹಿಡಿದೇ ಓಡಿಬಂದರು. “ಬಸ್ರಿ ಎದುರಿಗೆ ಎಂಥ ಮಾತೋ! ಬಿಡ್ತು ಅನ್ನು!”

ಅವತ್ತಿನಿಂದ ಗಿಡ ಇಳಿಸುವ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಮುಂದಿನ ಸ್ಕ್ಯಾನಿನಲ್ಲಿ ಮಗು ಸರಿಯಾಗಿ ಬೆಳೆಯುತ್ತಿಲ್ಲ ಎಂದರು. ಮನೆಗೆ ಬಂದು ನೋಡಿದರೆ ಮರಿಯ ಎಲೆಗಳು ಸುಕ್ಕುಗಟ್ಟಿದ್ದವು. ನನಗೆ ತಡೆಯಲಾಗಲಿಲ್ಲ. ಬಿಚ್ಚಿ ತಂದು ಕುಂಡದ ಮಣ್ಣಿಗೆ ಒತ್ತಿದೆ. ಕೈ ತೊಳೆಯುವಷ್ಟರಲ್ಲಿ ಹೊಟ್ಟೆಯೊಳಗೆ ಎಲ್ಲ ನಿಂತುಹೋದಂತಾಯಿತು. ಕಾಯುತ್ತಾ ಕೂತೆ. ಅಲುಗಾಟವೇ ಇಲ್ಲ. ಕಿರುಚಿಕೊಂಡೆ.

ಗಂಡ ನನ್ನನ್ನು ಕಾರಿನಲ್ಲಿ ಕೂರಿಸಿದ. ಅತ್ತೆ ತಡವಾಗಿ ಬಂದು ಹಿಂದಿನ ಸೀಟು ಹತ್ತಿದರು. ಕಾರು ರಸ್ತೆಗಿಳಿಯುವಾಗ ಮಗು ಒಂದು ಸಲ ಬಲವಾಗಿ ಒದೆಯಿತು. “ಮಗು ಒದೀತು!” ಎಂದು ಕೂಗಿದೆ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಗುಬ್ಬಚ್ಚಿಯಷ್ಟು ಕೂಸು, ಆದರೆ ಜೋರಾಗಿ ಅತ್ತಿತು. ನಾನು ಮನಸಾರೆ ಅತ್ತುಬಿಟ್ಟೆ.

ಆಮೇಲೆ ಅತ್ತೆ ಹಾಸಿಗೆಯ ಪಕ್ಕ ಕೂತು ಬ್ಯಾಗು ಬಿಚ್ಚಿದರು. ಟಿಶ್ಯೂ ಪೇಪರಿನಲ್ಲಿ ಸುತ್ತಿದ ಕತ್ತಾಳೆ ಮರಿ. ಬೇರಿನಲ್ಲಿ ಒಂದು ಕಣ ಮಣ್ಣಿರದಂತೆ ತೊಳೆದಿದ್ದರು.

“ಕಾರು ಹತ್ತೋಕ್ಮುಂಚೆ ಕಿತ್ಕೊಂಡ್ಬಂದೆ,” ಎಂದರು. “ನಾನು ಕಿತ್ತ ಮೇಲೇ ತಾನೆ ಕಣೇ, ಇವಳು ಒದ್ದಿದ್ದು?”

ನಾನು ಕೈ ಚಾಚಿ, ಮರಿಯನ್ನು ಮತ್ತೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ದಿಂಬಿನ ಪಕ್ಕ ಇಟ್ಟುಕೊಂಡೆ.